ಜೀನುಗಾರರ ಮಸೀದಿಯ ಎಡಗಂಬ

ಅಕ್‌ಪಿನಾರ್
12 ಆಗಸ್ಟ್ 1971

ಪ್ರೀತಿಯ ತಮ್ಮ ಸಾಬಿತ್,

ನಿನ್ನ ಎರಡೂ ಕಣ್ಣುಗಳಿಗೆ ಮುತ್ತು. ನಾವೆಲ್ಲ ಚೆನ್ನಾಗಿದ್ದೇವೆ. ನಾವೆಲ್ಲ ಅಂದರೆ ನಾನು, ನಾಲ್ಕು ಕೋಳಿ ಮತ್ತು ಮಸೀದಿ. ಬೇರೆಯವರ ವಿಷಯ ಬೇರೆಯವರು ಬರೆಯಲಿ.

ಕಳೆದ ಸೋಮವಾರ ಪ್ರಾಂತದ ಕಚೇರಿಯಿಂದ ಒಬ್ಬ ಎಂಜಿನಿಯರ್ ಬಂದಿದ್ದ. ಇನ್ನೂ ಮೀಸೆ ಸರಿಯಾಗಿ ಬಲಿಯದವನು. ಗುಮ್ಮಟದ ಕೆಳಗೆ ಅಂಗಾತ ಮಲಗಿ ಅರ್ಧ ಗಂಟೆ ಮೇಲೆ ನೋಡಿದ. ನಿದ್ದೆ ಹೋದನೇನೋ ಅಂದುಕೊಂಡೆ. ಎದ್ದವನೇ ಮೂಡಣ ಮೂಲೆಯ ಬಿರುಕಿನ ಮೇಲೆ ಗಾಜಿನ ಪಟ್ಟಿಯೊಂದನ್ನು ಗಾರೆಯಿಂದ ಅಂಟಿಸಿದ. ಗೋಡೆ ಅಲುಗಿದರೆ ಗಾಜು ಒಡೆಯುತ್ತದಂತೆ. ಅದು ಖಚಿತವಾಗುವವರೆಗೆ ಮಸೀದಿಗೆ ಬೀಗ ಹಾಕಬೇಕಂತೆ. ಬೀಗ ಬಿದ್ದ ಮೇಲೆ ಏನಾಗುತ್ತದೆ ಅಂತ ನಿನಗೆ ಗೊತ್ತು. ಕೆಳಗಿನ ಓಣಿಯ ಸ್ನಾನದ ಹಮಾಮಿಗೆ ಹೀಗೇ ಬೀಗ ಬಿತ್ತು. ಆರು ತಿಂಗಳಲ್ಲಿ ಅಲ್ಲಿ ರಸ್ತೆ ಆಯಿತು.

ಇಮಾಮ್ ನುಸ್ರೆತ್ ಅವನ ಕೈ ಹಿಡಿದು, ತಾವು ನಮಾಜಿಗೆ ನಿಲ್ಲುವ ಮಿಹ್ರಾಬಿನ ಗೂಡಿನ ಮುಂದೆ ನಿಲ್ಲಿಸಿದರು. ಎಡಕ್ಕೊಂದು ಬಲಕ್ಕೊಂದು ನಿಂತ ನಮ್ಮ ಅಮೃತಶಿಲೆಯ ಪುಟ್ಟ ಕಂಬಗಳನ್ನು ತೋರಿಸಿದರು. "ನೋಡಪ್ಪಾ, ಗೋಡೆ ಕೂದಲೆಳೆಯಷ್ಟು ಕೂತ್ರೂ ಈ ಕಂಬ ಬಿಗಿಯಾಗ್ತದೆ, ತಿರುಗಲ್ಲ. ಜೀನು ಹೊಲಿಯೋರು ಕಾಸು ಕೂಡಿಸಿ ಈ ಮಸೀದಿ ಕಟ್ಟಿಸಿದಾಗಿಂದ ಇದೇ ನಮ್ಮ ಎಂಜಿನಿಯರ್. ಸಂಬಳ ಕೇಳಲ್ಲ, ಜೀಪು ಕೇಳಲ್ಲ" ಅಂದರು. ನಾನು ಬಲಗಂಬವನ್ನು ಎರಡೇ ಬೆರಳಲ್ಲಿ ತಿರುಗಿಸಿದೆ. ರಾಟೆಯ ಹಾಗೆ ತಿರುಗಿತು. ಹುಡುಗನ ಮುಖ ನೋಡಬೇಕಿತ್ತು ನೀನು. ಇನ್ನೊಂದೂ ನೋಡೋಣ ಅಂದ. ಅಷ್ಟರಲ್ಲಿ ಕಾಫಿ ಅಂಗಡಿಯ ರಾಮಿಜ್ ಚಹಾ ತಂದ, ಮಾತು ಎತ್ತಲೋ ಹೋಯಿತು. ಎಡಗಂಬಕ್ಕೆ ಈಗ ಅಮ್ಮನ ಕಸೂತಿ ಬಟ್ಟೆ ಹೊದಿಸಿದ್ದೇನೆ. ಲಕ್ಷಣವಾಗಿದೆ.

ಹೋಗುವಾಗ ಆ ಹುಡುಗ, ಕಲ್ಲು ತಿಳಿದವರು ಯಾರಾದರೂ ಬರೆದುಕೊಟ್ಟರೆ ಮೇಲಿನವರಿಗೆ ತೋರಿಸುತ್ತೇನೆ ಅಂದ. ಇಡೀ ಓಣಿ ಒಂದೇ ಬಾಯಲ್ಲಿ ನಿನ್ನ ಹೆಸರು ಹೇಳಿತು. ಇಲ್ಯಾಸ್ ಉಸ್ತಾದರ ಮಗ, ಜರ್ಮನಿಯಲ್ಲಿ ಕಲ್ಲಿನ ಉಸ್ತಾದ. ಬರೆದು ಕಳಿಸು. ರಂಜಾನಿಗೆ ಮುಂಚೆ ಬರಬೇಕು.

ನಿನ್ನ ಅಕ್ಕ
ದುರ್ದಾನೆ


ಡೂಯಿಸ್‌ಬರ್ಗ್
26 ಆಗಸ್ಟ್ 1971

ಪ್ರೀತಿಯ ಅಕ್ಕ,

ನಿನ್ನ ಕೈಗಳಿಗೆ ಮುತ್ತಿಟ್ಟು ಹಣೆಗೆ ಒತ್ತಿಕೊಳ್ಳುತ್ತೇನೆ. ಇಲ್ಲಿ ಎಲ್ಲ ಸರಿಯಾಗಿದೆ. ಕೆಲಸ ಇದೆ, ಊಟ ಇದೆ, ಬಿಸಿಲು ಮಾತ್ರ ಇಲ್ಲ.

ಈ ಪತ್ರವನ್ನು ಕಾಫಿ ಅಂಗಡಿಯಲ್ಲಿ ಓದಿಸಬೇಡ. ನೀನು ಒಬ್ಬಳೇ ಓದು.

ಬರೆದುಕೊಡುವುದಕ್ಕೆ ಮುಂಚೆ ಒಂದು ಕೆಲಸ ಮಾಡು. ಹೋಗಿ ಎಡಗಂಬವನ್ನು ತಿರುಗಿಸು. ಬಲದ್ದಲ್ಲ, ಎಡದ್ದು. ತಿರುಗಿತೋ ಇಲ್ಲವೋ, ಎಷ್ಟು ಸಲೀಸಾಗಿ ತಿರುಗಿತು, ಕೆಳಗೆ ಪುಡಿ ಉದುರಿತೋ, ಎಲ್ಲ ಬರೆ. ಯಾಕೆ ಅಂತ ಕೇಳಬೇಡ. ಕಲ್ಲಿನವನ ಮನಸ್ಸು ಅಂದುಕೋ.

ತಮ್ಮ
ಸಾಬಿತ್


ಅಕ್‌ಪಿನಾರ್
9 ಸೆಪ್ಟೆಂಬರ್ 1971

ತಮ್ಮಾ,

ನಿನ್ನ ಪತ್ರ ಓದಿ ಮೂರು ದಿನ ಉತ್ತರ ಬರೆಯಲು ಮನಸ್ಸಾಗಲಿಲ್ಲ.

ನೀನು ಹೋದಮೇಲೆ ಮಸೀದಿಯ ಕೀಲಿ ನನ್ನ ಕೈಗೆ ಬಂದಾಗ ಓಣಿಯವರು ಏನೇನು ಅಂದರು ಅಂತ ನಾನು ನಿನಗೆ ಬರೆದಿಲ್ಲ. "ಹೆಂಗಸು ಮುಟ್ಟಿದ ಕಂಬ ಎಷ್ಟು ದಿನ ತಿರುಗ್ತದೋ ನೋಡೋಣ" ಅಂತ ರಾಮಿಜ್ ನನ್ನ ಎದುರಿಗೇ ಅಂದಿದ್ದ. ಆರು ವರ್ಷ ಪ್ರತಿ ಶುಕ್ರವಾರ ಮಧ್ಯಾಹ್ನ ನಾನು ಒಳಗೆ ಹೋಗಿ ತಿರುಗಿಸಿ, ಬಾಗಿಲಿಗೆ ಬಂದು ಇಮಾಮರಿಗೆ ಹೇಳಿ, ಅವರು ಅಂಗಳಕ್ಕೆ "ತಿರುಗಿದೆ, ಬನ್ನಿ" ಅಂದ ಮೇಲೇ ಗಂಡಸರು ಚಪ್ಪಲಿ ಬಿಟ್ಟಿದ್ದಾರೆ. ಅಪ್ಪನ ಕಾಲದಲ್ಲಿ ಹೇಗೋ ಹಾಗೇ. ಈಗ ನೀನೂ ಅಷ್ಟು ದೂರದಲ್ಲಿ ಕೂತು ಪರೀಕ್ಷೆ ಇಡುತ್ತೀಯಲ್ಲ.

ಎರಡೂ ತಿರುಗುತ್ತವೆ. ಪುಡಿ ಇಲ್ಲ. ಸಮಾಧಾನವಾಯಿತೇ?

ಬೇರೆ ಸುದ್ದಿ ಕಡಿಮೆ. ಎರಡು ವರ್ಷದ ಹಿಂದೆ ಪಟ್ಟಣಕ್ಕೆ ಹೊಸ ಕೊಳವೆ ಹಾಕಿದಾಗಿಂದ ಇಳಿಯುತ್ತಿದ್ದ ನಮ್ಮ ಅಂಗಳದ ಬುಗ್ಗೆ ಪೂರ್ತಿ ಬತ್ತಿತು. ಕೈಕಾಲು ತೊಳೆಯುವುದಕ್ಕೆ ಮೇಲಿನ ನಲ್ಲಿಯಿಂದ ಹೊರುತ್ತೇನೆ. ನೆಲ್ಲಿಕಾಯಿ ಗಾತ್ರದ ಹಸಿರು ಪ್ಲಮ್ ಈ ವರ್ಷ ತುಂಬ ಬಿಟ್ಟಿತ್ತು, ಉಪ್ಪಿಗೆ ಹಾಕಿದ್ದೇನೆ. ನಿನ್ನ ಪಾಲು ಇಡುತ್ತೇನೆ, ಬಂದರೆ.

ಪತ್ರ ಬೇಗ ಕಳಿಸು.

ದುರ್ದಾನೆ


ಡೂಯಿಸ್‌ಬರ್ಗ್
22 ಸೆಪ್ಟೆಂಬರ್ 1971

ಪ್ರೀತಿಯ ಅಕ್ಕ,

ಸಿಟ್ಟಾಗಬೇಡ. ಎಡದ್ದು ತಿರುಗುತ್ತದೆ ಅಂತ ಓದಿದಾಗ ನನ್ನ ಎದೆಯ ಮೇಲಿಂದ ಒಂದು ಚಪ್ಪಡಿ ಎತ್ತಿಟ್ಟ ಹಾಗಾಯಿತು. ಎಷ್ಟು ದಿನದಿಂದ ಕೂತಿದ್ದ ಚಪ್ಪಡಿ ಅಂತ ನಿನಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ.

ಜೊತೆಗಿರುವ ಹಾಳೆ ಇಮಾಮರಿಗೆ. ಇದನ್ನು ಬೇಕಾದರೆ ಗಟ್ಟಿಯಾಗಿ ಓದಿಸು. ನಮ್ಮ ಹಾಸ್ಟೆಲಿನಲ್ಲಿ ಚೆಂದದ ಅಕ್ಷರದ ಒಬ್ಬನಿದ್ದಾನೆ, ಅವನಿಂದ ಬರೆಸಿದೆ. "ಕಲ್ಲಿನ ಉಸ್ತಾದ ಇಲ್ಯಾಸರ ಮಗ, ಕಲ್ಲಿನ ಉಸ್ತಾದ ಸಾಬಿತ್ ಆದ ನಾನು ಹೇಳುವುದೇನೆಂದರೆ, ಎರಡೂ ಕಂಬ ತಿರುಗುವ ತನಕ ಜೀನುಗಾರರ ಮಸೀದಿಯ ಬುನಾದಿಗೆ ಭಯವಿಲ್ಲ, ಗುಮ್ಮಟದ ಕೆಳಗೆ ಯಾರು ಬೇಕಾದರೂ ನಿಶ್ಚಿಂತೆಯಿಂದ ತಲೆ ಬಾಗಿಸಬಹುದು." ಅದನ್ನು ಬರೆಸುವಾಗ ಸುತ್ತ ಕೂತವರೆಲ್ಲ ನನ್ನನ್ನು ಬೇರೆ ಕಣ್ಣಿನಿಂದ ನೋಡಿದರು. ಅಕ್ಕಾ, ತುಂಬ ದಿನದ ಮೇಲೆ ನಾನೂ ಒಬ್ಬ ಮನುಷ್ಯ ಅಂತ ನನಗೇ ಅನಿಸಿತು.

ಸಾಬಿತ್


ಅಕ್‌ಪಿನಾರ್
5 ಅಕ್ಟೋಬರ್ 1971

ತಮ್ಮಾ,

ನಿನ್ನ ಹಾಳೆ ಬಂತು. ಇಮಾಮರು ಅಂಗಳದಲ್ಲಿ ಓದಿದರು, ಆಮೇಲೆ ಕಾಫಿ ಅಂಗಡಿಯಲ್ಲಿ ಇನ್ನೊಮ್ಮೆ. ರಾಮಿಜ್ ಅದಕ್ಕೆ ಕಟ್ಟು ಹಾಕಿಸಿ ಫುಟ್‌ಬಾಲ್ ತಂಡದ ಪಟದ ಪಕ್ಕ ತೂಗುಹಾಕಿದ್ದಾನೆ. ಹೋಗುವವರು ಬರುವವರು ಓದುತ್ತಾರೆ. ಓದು ಬಾರದವರೂ ಓದುತ್ತಾರೆ. ಮೇಲಿನ ಕಚೇರಿಯವರು ರಂಜಾನ್ ಮುಗಿಯುವ ತನಕ ಬೀಗದ ಮಾತು ಎತ್ತುವುದಿಲ್ಲವಂತೆ. ಹಾಗಾಗಿ ಈ ಸಲ ಉಪವಾಸದ ರಾತ್ರಿಗಳ ತರಾವೀಹ್ ನಮಾಜು ಒಳಗೇ. ಮೂವತ್ತೊಂದು ಮನೆಯವರೂ ಬರುತ್ತಾರೆ. ಹೆಂಗಸರಿಗೆ ಹಿಂದಿನ ಅಟ್ಟಣೆ.

ಎಲ್ಲರೂ ನನ್ನನ್ನು ಹೊಗಳುತ್ತಾರೆ.

ಒಂದು ಮಾತು ಕೇಳಲೇ, ತಮಾಷೆಗೆ. ಎರಡು ಕಂಬದಲ್ಲಿ ಒಂದೇ ತಿರುಗಿದರೆ ಸಾಲದೇ? ಮನುಷ್ಯನಿಗೆ ಒಂದು ಕಣ್ಣು ಹೋದರೂ ದಾರಿ ಕಾಣುತ್ತದಲ್ಲ.

ದುರ್ದಾನೆ


ಡೂಯಿಸ್‌ಬರ್ಗ್
16 ಅಕ್ಟೋಬರ್ 1971

ಪ್ರೀತಿಯ ಅಕ್ಕ,

ನಿನ್ನ ಒಕ್ಕಣ್ಣಿನ ಮಾತಿಗೆ ಒಬ್ಬನೇ ಕೂತು ನಕ್ಕೆ. ಅಪ್ಪ ಇದ್ದಿದ್ದರೆ, "ಇವಳನ್ನ ಮುಫ್ತಿ ಮಾಡ್ಬೇಕಿತ್ತು, ತಪ್ಪಿ ಹೆಣ್ಣಾಗಿ ಹುಟ್ಟಿದ್ಲು" ಅನ್ನುತ್ತಿದ್ದರು.

ಸಾಕು, ಅಕ್ಕಾ. ಒಂದೇ ಸಾಕು. ಎಡದ್ದು ತಿರುಗಿದರೆ ಸಾಕು.

ಮುಂದಿನ ವಾರದಿಂದ ಉಪವಾಸ, ಇಲ್ಲಿ ಕಷ್ಟ. ಕುಲುಮೆಯ ಮುಂದೆ ಗಂಟಲು ಒಣಗುತ್ತದೆ. ಆದರೂ ಹಿಡಿಯುತ್ತೇನೆ. ನೀವೆಲ್ಲ ಗುಮ್ಮಟದ ಕೆಳಗೆ ನಿಂತಿರುವುದನ್ನು ನೆನೆಸಿಕೊಂಡರೆ ಹೊಟ್ಟೆ ತುಂಬುತ್ತದೆ.

ಸಾಬಿತ್


ಅಕ್‌ಪಿನಾರ್
27 ಅಕ್ಟೋಬರ್ 1971

ಸಾಬಿತ್,

ಎಡದ್ದು ಯಾಕೆ?

ನಿನ್ನೆ ನಿನ್ನ ಪತ್ರ ಬಂತು. ಎಡದ್ದು ತಿರುಗಿದರೆ ಸಾಕು ಅಂತ ಬರೆದಿದ್ದೀಯ. ಯಾವುದಾದರೂ ಒಂದು ಅಂತ ಬರೆಯಬಹುದಿತ್ತು. ಯಾಕೆ ಎಡದ್ದು ಅಂತ ಬರೆದೆ? ಆಗಸ್ಟಿನಲ್ಲೂ ಎಡದ್ದನ್ನೇ ಕೇಳಿದ್ದೆ. ಆಗ ನನಗೆ ಮೈ ಉರಿಯಿತು, ಈಗ ಮೈ ತಣ್ಣಗಾಗಿದೆ.

ನಾನು ಸುಳ್ಳು ಹೇಳಿದೆ. ಎಡಗಂಬ ಫೆಬ್ರವರಿಯಿಂದ ತಿರುಗುತ್ತಿಲ್ಲ. ಒಂದು ಶುಕ್ರವಾರ ಬಿಗಿಯಾಗಿತ್ತು, ಮುಂದಿನ ಶುಕ್ರವಾರ ಇನ್ನೂ ಬಿಗಿ, ಮೂರನೆಯದಕ್ಕೆ ಗೋಡೆಯ ಜೊತೆ ಒಂದೇ ಕಲ್ಲಾಗಿತ್ತು. ಎರಡು ಕೈಯಲ್ಲಿ ಹಿಡಿದು ಎಳೆದೆ. ಉಗುರು ಕಿತ್ತುಹೋಯಿತು. ಹೇಳಿದರೆ ಬೀಗ, ಬೀಗ ಬಿದ್ದರೆ ರಸ್ತೆ. ಮಸೀದಿಯ ಹಿತ್ತಲಲ್ಲಿ ನನ್ನ ಗಂಡ ಮಲಗಿದ್ದಾನೆ. ಅಪ್ಪ ಅಮ್ಮ ಮಲಗಿದ್ದಾರೆ. ನಾನಿರುವ ಕೋಣೆಯೂ ಮಸೀದಿಯ ಗೋಡೆಗೆ ಒರಗಿಕೊಂಡೇ ಇದೆ. ಜೊತೆಗೆ ರಾಮಿಜ್‌ನ ಬಾಯಿ. ಬಲದ್ದನ್ನೇ ತಿರುಗಿಸುತ್ತ ಬಂದೆ, ಎಂಜಿನಿಯರ್ ಬಂದು ಹೋದ ಮೇಲೆ ಎಡದ್ದಕ್ಕೆ ಬಟ್ಟೆ ಹೊದಿಸಿದೆ. ಒಂದು ತಿರುಗುತ್ತದಲ್ಲ, ದೇವರು ಒಂದನ್ನು ಉಳಿಸಿದ್ದಾನಲ್ಲ ಅಂದುಕೊಂಡೆ.

ಉಪವಾಸದ ಮೂರನೆಯ ದಿನ ಬೆಳಿಗ್ಗೆ ಗುಡಿಸಲು ಹೋದಾಗ ಎಂಜಿನಿಯರನ ಗಾಜು ಒಡೆದು ಬಿದ್ದಿತ್ತು. ನನ್ನ ಕಿಟಕಿಯ ಗಾಜಿನ ಚೂರು ಕತ್ತರಿಸಿ ಅದೇ ಜಾಗಕ್ಕೆ ಅಂಟಿಸಿದೆ. ಈ ಕೈಯಿಂದಲೇ, ಸಾಬಿತ್. ನಾಲ್ಕು ದಿನ ಇತ್ತು. ಇವತ್ತು ಅದೂ ಸೀಳಿದೆ.

ಜನ ಸಜ್ದಾಕ್ಕೆ ಹಣೆ ಊರುವಾಗ ನಾನು ಅಟ್ಟಣೆಯಿಂದ ಗುಮ್ಮಟ ನೋಡುತ್ತಿರುತ್ತೇನೆ. ಪ್ರಾರ್ಥನೆ ನನ್ನ ಬಾಯಿಗೆ ಬರುವುದಿಲ್ಲ. ಏಳಲಿ, ಬೇಗ ಏಳಲಿ, ಹೊರಗೆ ಹೋಗಲಿ, ಇಷ್ಟೇ. ಮುಗಿದ ಮೇಲೆ ಬಾಗಿಲಲ್ಲಿ ನಿಂತು ಹರಟುವವರನ್ನು ಕಂಡರೆ ದೂಡಿಬಿಡಬೇಕು ಅನಿಸುತ್ತದೆ.

ಬಲಗಂಬ ಒಂದೇ ಸಾಕು ಅಂತ ಬರೆ. ಉಸ್ತಾದನಾಗಿ ಬರೆ. ಇಲ್ಲವೇ ಸಾಲದು ಅಂತ ಬರೆ. ಬೇಗ.

ದುರ್ದಾನೆ


ತಂತಿ
5 ನವೆಂಬರ್ 1971

ದುರ್ದಾನೆಗೆ. ಜೀನುಗಾರರ ಓಣಿ, ಅಕ್‌ಪಿನಾರ್. ನನ್ನ ಹಾಳೆ ಸುಳ್ಳು. ಬಲಗಂಬ ನಂಬಬೇಡಿ. ಯಾರನ್ನೂ ಒಳಗೆ ಬಿಡಬೇಡ. ಸಾಬಿತ್.


ಡೂಯಿಸ್‌ಬರ್ಗ್
5 ನವೆಂಬರ್ 1971

ಅಕ್ಕಾ,

ತಂತಿ ಕೊಟ್ಟು ಬಂದು ಇದನ್ನು ಬರೆಯುತ್ತಿದ್ದೇನೆ. ಅಕ್ಷರ ಹೇಗಿದ್ದರೂ ಓದಿಕೋ.

ಐವತ್ತೇಳರ ವಸಂತ ನೆನಪಿದೆಯೇ? ಅಪ್ಪ ಹಾಸಿಗೆ ಹಿಡಿದಿದ್ದರು. ನೀನು ಆಗ ಗಂಡನ ಮನೆಯಲ್ಲಿದ್ದೆ. ಒಂದು ಸಣ್ಣ ಕಂಪನ ಆಯಿತು, ತಟ್ಟೆ ಲೋಟ ಅಲುಗುವಷ್ಟು. ಹೋಗಿ ನೋಡಿದೆ. ಎಡದ್ದು ತಿರುಗಿತು. ಬಲದ್ದು ತಿರುಗಲಿಲ್ಲ. ಮನೆಗೆ ಬಂದರೆ ಅಪ್ಪ ಬಾಗಿಲ ಕಡೆ ಮುಖ ಮಾಡಿ ಮಲಗಿದ್ದರು. "ತಿರುಗ್ತಾ ಮಗಾ?" ಅಂದರು. ನಾನು ಹೂಂ ಅಂದೆ. ಅವರಿಗೆ ನಂಬಿಕೆ ಬರಲಿಲ್ಲ. ನನ್ನ ಮುಖ ಓದುವುದು ಅವರಿಗೆ ಗೊತ್ತಿತ್ತು. ಶುಕ್ರವಾರ ನನ್ನನ್ನ ಎತ್ಕೊಂಡು ಹೋಗು, ಸಾಯೋ ಮುಂಚೆ ಒಂದ್ಸಲ ಕೈಯಾರೆ ತಿರುಗಿಸ್ತೀನಿ ಅಂದರು.

ಮೂರು ಮಧ್ಯಾಹ್ನ ಕೂತು ಕಂಬದ ತಲೆಗೂ ಮೇಲಿನ ಕಲ್ಲಿಗೂ ನಡುವೆ ತಂತಿಯ ಗರಗಸ ಆಡಿಸಿದೆ. ಮರಳು ಹಾಕಿ, ನೀರು ಹಾಕಿ. ಎರಡು ಗೋಧಿಕಾಳಿನಷ್ಟು ಸಂದು ಮಾಡಿ ಮೇಣ ಮೆತ್ತಿ ಮುಚ್ಚಿದೆ. ಅದು ಏನು ಸದ್ದು ಅಂತ ಗೋಡೆಯಾಚೆಯಿಂದ ಅಪ್ಪ ಕೂಗಿ ಕೇಳಿದರೆ, ಪಕ್ಕದವರು ಚರ್ಮ ಕೊಯ್ಯುತ್ತಿದ್ದಾರೆ ಅಂದೆ. ಶುಕ್ರವಾರ ಎತ್ತಿಕೊಂಡು ಹೋದೆ. ಮಗುವಿನಷ್ಟು ಹಗುರವಾಗಿದ್ದರು. ತಿರುಗಿಸಿದರು. ಅಲ್ಲೇ ಕಂಬಕ್ಕೆ ಹಣೆ ಹಚ್ಚಿಕೊಂಡು ಅತ್ತರು.

ಅವರು ಹೋದ ಮೇಲೆ ನಿಜ ಹೇಳೋಣ ಅಂದುಕೊಂಡೆ. ಸಾವಿನ ನಲವತ್ತು ದಿನ ಕಳೆಯಲಿ ಅಂದೆ. ವರ್ಷ ಕಳೆಯಲಿ ಅಂದೆ. ಎಡದ್ದು ಹೇಗೂ ತಿರುಗುತ್ತಿತ್ತು, ಅದೇ ನನ್ನ ಧೈರ್ಯ. ಆಮೇಲೆ ಇಲ್ಲಿಗೆ ಬಂದೆ. ಆ ಬಲಗಂಬ ಗುಮ್ಮಟ ನೆಲಕ್ಕೆ ಬಂದರೂ ತಿರುಗುತ್ತಲೇ ಇರುತ್ತದೆ.

ನೀನು ಬುಗ್ಗೆ ಬತ್ತಿತು ಅಂತ ಬರೆದಿದ್ದೆ. ನಾನು ಪ್ಲಮ್ ಕಾಯಿಯ ಸಾಲು ಓದಿ ಬಾಯಲ್ಲಿ ನೀರೂರಿಸಿಕೊಂಡು ಕೂತೆ. ಮೂಡಣ ಮೂಲೆ ನಿಂತಿರುವುದು ಓಕ್ ಮರದ ಗೂಟಗಳ ಮೇಲೆ. ಬುಗ್ಗೆಯ ನೀರಲ್ಲಿ ನೆನೆಯುತ್ತಿರುವ ತನಕ ಆ ಗೂಟ ಕಬ್ಬಿಣ. ನೀರು ಆರಿದರೆ ಎರಡು ವರ್ಷದಲ್ಲಿ ರೊಟ್ಟಿಯ ಪುಡಿ. ಅಪ್ಪ ನನಗೆ ಹತ್ತು ವರ್ಷವಿದ್ದಾಗಲೇ ಹೇಳಿಕೊಟ್ಟ ಪಾಠ ಇದು.

ಯಾರನ್ನೂ ಒಳಗೆ ಬಿಡಬೇಡ. ನಿನ್ನ ಕಾಲು ಹಿಡಿಯುತ್ತೇನೆ. ನೀನೂ ಒಳಗೆ ಹೋಗಬೇಡ.

ಸಾಬಿತ್


ಅಕ್‌ಪಿನಾರ್
14 ನವೆಂಬರ್ 1971

ಸಾಬಿತ್,

ತಂತಿ ಶನಿವಾರ ಬಂತು. ನನ್ನ ಕೈಗೆ ಬರುವ ಮುಂಚೆಯೇ ಅಂಚೆ ಕಚೇರಿಯವನು ಕಾಫಿ ಅಂಗಡಿಯಲ್ಲಿ ಹೇಳಿಯಾಗಿತ್ತು. ನಾನು ಅಂಗಡಿಯ ಬಾಗಿಲಿಗೆ ಹೋಗುವಷ್ಟರಲ್ಲಿ ಒಬ್ಬೊಬ್ಬರದು ಒಂದೊಂದು ಅರ್ಥ. ಕಚೇರಿಯವರು ನಿನ್ನನ್ನು ಹೆದರಿಸಿದ್ದಾರೆ ಅಂತ ಒಬ್ಬ. ನೀನು ಅಲ್ಲಿ ಕೆಂಪು ಬಾವುಟದವರ ಜೊತೆ ಸೇರಿದ್ದೀಯ, ಅದಕ್ಕೇ ಮಸೀದಿ ಬೇಡವಾಗಿದೆ ಅಂತ ಇನ್ನೊಬ್ಬ. "ಹಂದಿ ಊಟ ತಲೆಗೇರಿದೆ, ಪಾಪ" ಅಂತ ರಾಮಿಜ್. ಗೋಡೆಯ ಮೇಲೆ ಕಟ್ಟು ಹಾಕಿಸಿದ ನಿನ್ನ ಹಾಳೆ ತೋರಿಸಿ, "ಇದು ಅವನು ಬುದ್ಧಿ ನೆಟ್ಟಗಿದ್ದಾಗ ಬರೆದದ್ದು" ಅಂದ. ಎಲ್ಲರೂ ನಕ್ಕರು.

ಬಲಗಂಬ ಯಾಕೆ ಸುಳ್ಳು ಅಂತ ನನ್ನಿಂದ ಹೇಳಲಾಗಲಿಲ್ಲ, ನನಗೇ ಗೊತ್ತಿರಲಿಲ್ಲ. ನಿನ್ನ ಕಾಗದ ಇನ್ನೂ ಬಂದಿಲ್ಲ. ನೀನು ಹೇಳಿದ್ದಷ್ಟೇ ಗೊತ್ತು.

ಇಳಿಹೊತ್ತಿನ ಅಸರ್ ನಮಾಜಿಗೆ ಮುಂಚೆ ಇಮಾಮರು ಬಂದರು. ಅಂಗಳದಲ್ಲಿ ಜನ ಸೇರಿದ್ದರು. "ದುರ್ದಾನೆ, ತಿರುಗಿಸಿ ಬಾ, ಇವರ ಬಾಯಿ ಮುಚ್ಚಲಿ" ಅಂದರು. ನಾನು ಅವರನ್ನು ಒಳಗೆ ಕರೆದುಕೊಂಡು ಹೋಗಿ ಅಮ್ಮನ ಬಟ್ಟೆ ಕಿತ್ತೆ. ಮುಟ್ಟಿ ನೋಡಿ ಅಂದೆ. ಮುಟ್ಟಿದರು. ತಿರುಗಿಸಲು ನೋಡಿದರು. ಕಂಬ ಅಲುಗಲಿಲ್ಲ. ಎಷ್ಟು ದಿನದಿಂದ ಅಂತ ಕೇಳಿದರು, ಫೆಬ್ರವರಿ ಅಂದೆ. ಆಮೇಲೆ ಬಲಗಂಬದ ಹತ್ತಿರ ಹೋಗಿ ತಾವೇ ತಿರುಗಿಸಿದರು. ಸುಮ್ಮನೆ ತಿರುಗಿತು, ದರಿದ್ರದ್ದು.

"ಇದು ತಿರುಗ್ತದಲ್ಲ. ಸಾಕು. ನಿನ್ನ ವಿಚಾರ ಹಬ್ಬ ಕಳೀಲಿ, ಆಮೇಲೆ ನೋಡೋಣ."

"ಸಾಬಿತ್ ಬೇಡ ಅಂದಿದ್ದಾನೆ."

"ಸಾಬಿತ್ ಬೇಕು ಅಂತಾನೂ ಅಂದಿದ್ದ. ನಾನು ಯಾವ ಸಾಬಿತ್‌ನ ನಂಬ್ಲಿ? ನನ್ನ ಕೈ ನಂಬ್ತೀನಿ."

ಹೇಳಿ ಬಾಗಿಲ ಕಡೆ ತಿರುಗಿದರು. ಬಾಗಿಲಿಗೆ ಹೋಗಿ "ತಿರುಗಿದೆ, ಬನ್ನಿ" ಅನ್ನುವ ಆ ಒಂದು ಮಾತು ಅಂದುಬಿಟ್ಟರೆ ಮುಗಿಯಿತು. ಅವತ್ತಿನ ಜನ, ಇಪ್ಪತ್ತೇಳನೆಯ ಉಪವಾಸದ ಕದ್ರ್ ರಾತ್ರಿಯ ಜನ, ಹಬ್ಬದ ಜನ, ಎಲ್ಲ ಒಳಗೆ. ಅಪ್ಪನ ಸುತ್ತಿಗೆ ಪೊರಕೆಯ ಪಕ್ಕ ಇತ್ತು, ನೆಲದ ಹಲಗೆ ಎದ್ದಾಗ ಬಡಿಯುವುದಕ್ಕೆ ಇಟ್ಟುಕೊಂಡಿದ್ದೆ. ನಾನು ಯೋಚನೆ ಮಾಡಲಿಲ್ಲ. ಬಲಗಂಬಕ್ಕೆ ಹೊಡೆದೆ. ಮೊದಲನೆ ಏಟು ಜಾರಿತು, ಕಂಬ ಗಿರ್ರನೆ ತಿರುಗಿ ನನ್ನನ್ನು ಹಂಗಿಸಿತು. ಮೂರನೆಯದಕ್ಕೆ ನಡು ಮುರಿದು ನೆಲಕ್ಕೆ ಬಿತ್ತು.

ಇಮಾಮರು ಬಾಗಿಲಲ್ಲಿ ನಿಂತುಬಿಟ್ಟರು. ನನ್ನನ್ನು ಹೊಡೆಯುತ್ತಾರೆ ಅಂದುಕೊಂಡೆ. ಹೊಡೆಯಲಿಲ್ಲ. "ಈಗ ನಾನು ಹೊರಗೆ ಹೋಗಿ ಏನಂತ ಹೇಳ್ಲಿ?" ಅಂದರು, ಅಷ್ಟೇ. ಅವರು ಕೆಟ್ಟವರಲ್ಲ. ಅವರ ಅಜ್ಜನ ಕಾಲದಿಂದ ಆ ಮಾತು ಹೇಳದೆ ಯಾರೂ ಹೊಸ್ತಿಲು ದಾಟಿಲ್ಲ. ತಿರುಗದ್ದನ್ನು ತಿರುಗಿದೆ ಅನ್ನುವುದಕ್ಕೆ ಅವರಿಗೆ ಬಾಯಿ ಬರಲಿಲ್ಲ. ಅಂಗಳದಲ್ಲೇ ಚಾಪೆ ಹಾಸಿಸಿದರು.

ಒಂಬತ್ತು ದಿನವಾಯಿತು. ಚಳಿಯಲ್ಲಿ, ಮಂಜಿನಲ್ಲಿ ಅಂಗಳದಲ್ಲೇ ನಿಲ್ಲುತ್ತಾರೆ. ಮುದುಕರು ಕೆಮ್ಮುತ್ತಾರೆ. ಒಂದೊಂದು ಕೆಮ್ಮೂ ನನಗೆ ಬೈಗುಳ. ಜೆಂಡರ್ಮೆ ಪೊಲೀಸಿನವನು ಬಂದು ಹೇಳಿಕೆ ಬರೆದುಕೊಂಡ. ಕೀಲಿ ಕಿತ್ತುಕೊಂಡರು. ಹಬ್ಬದ ನಂತರ ಟೋಕಾಟಿನಿಂದ ಕಲ್ಲಿನವನನ್ನು ಕರೆಸಿ ಹೊಸ ಕಂಬ ಇಡಿಸುತ್ತಾರಂತೆ.

ಗುಮ್ಮಟ ನಿಂತೇ ಇದೆ. ನನಗೆ ಹುಚ್ಚು ಹಿಡಿದಿತ್ತೇ, ಸಾಬಿತ್?

ದುರ್ದಾನೆ


ಡೂಯಿಸ್‌ಬರ್ಗ್
20 ಡಿಸೆಂಬರ್ 1971

ಅಕ್ಕಾ,

ನನ್ನ ನವೆಂಬರಿನ ಕಾಗದ ಸಿಕ್ಕಿತೇ? ಆಮೇಲೆ ಎರಡು ಬರೆದೆ, ಉತ್ತರ ಇಲ್ಲ. ಸಿಕ್ಕಿ ಓದಿ ಮಾತು ಬಿಟ್ಟಿದ್ದೀಯೋ, ಸಿಕ್ಕಿಯೇ ಇಲ್ಲವೋ ಹೇಗೆ ತಿಳಿಯಲಿ? ಬೈದಾದರೂ ಬರೆ.

ರಜೆ ಕೇಳಿದೆ, ಕೊಡಲಿಲ್ಲ. ಅದೂ ಪೂರ್ತಿ ನಿಜವಲ್ಲ. ಕೇಳುವುದಕ್ಕೆ ಬಾಗಿಲ ತನಕ ಹೋಗಿ ವಾಪಸು ಬಂದೆ. ಓಣಿಗೆ ಬಂದು ಯಾವ ಮುಖ ಇಟ್ಟುಕೊಂಡು ನಿಲ್ಲಲಿ?

ಹೊಸ ಕಂಬ ಇಡಿಸಬೇಡಿ ಅಂತ ಹೇಳು. ಹೊಸದು ಏನೂ ತೋರಿಸುವುದಿಲ್ಲ.

ಸಾಬಿತ್


ಅಕ್‌ಪಿನಾರ್
19 ಜನವರಿ 1972

ಸಾಬಿತ್,

ಗುಮ್ಮಟ ಬಿತ್ತು.

ನಿನ್ನೆ ಮಂಗಳವಾರ, ಹಗಲು ಹನ್ನೊಂದು ಗಂಟೆಗೆ. ನಾಲ್ಕು ದಿನದಿಂದ ಹಿಮ ಬೀಳುತ್ತಿತ್ತು. ನಾನು ಕೋಳಿಗೆ ಕಾಳು ಹಾಕುತ್ತಿದ್ದೆ. ಮೊದಲು ಮೂಡಣ ಮೂಲೆ ನಿಟ್ಟುಸಿರು ಬಿಟ್ಟ ಹಾಗೆ ಕೂತಿತು, ಆಮೇಲೆ ಇಡೀ ಗುಮ್ಮಟ ಒಳಗೆ ಇಳಿಯಿತು. ಸದ್ದಿಗಿಂತ ಧೂಳು ಹೆಚ್ಚು. ಹಿಮ ಕೆಂಪಾಯಿತು, ಇಟ್ಟಿಗೆಯ ಕೆಂಪು. ಮಿನಾರು ನಿಂತಿದೆ. ಹಿಂದಿನ ಅಟ್ಟಣೆ, ಹೆಂಗಸರು ನಿಲ್ಲುವ ಜಾಗ, ಹಲಗೆ ಸಮೇತ ಇಲ್ಲ. ಒಳಗೆ ಯಾರೂ ಇರಲಿಲ್ಲ. ಬೀಗ ಹಾಕಿತ್ತು. ಟೋಕಾಟಿನ ಕಲ್ಲಿನವನು ಹಿಮದಿಂದಾಗಿ ಬಂದಿರಲಿಲ್ಲ, ಈ ಶುಕ್ರವಾರ ಬರುವವನಿದ್ದ.

ಮೊದಲು ಇಮಾಮರು ಓಡಿ ಬಂದರು, ಚಪ್ಪಲಿಯಿಲ್ಲದೆ. ಕಲ್ಲುಗುಡ್ಡೆ ನೋಡಿದರು, ನನ್ನನ್ನು ನೋಡಿದರು. ಈಗಲಾದರೂ ತಿಳಿಯಿತು ಅಂದುಕೊಂಡೆ, ಸಾಬಿತ್. ನಿಜ ಹೇಳುತ್ತೇನೆ, ಆ ಒಂದು ಗಳಿಗೆ ನನಗೆ ಸಂತೋಷವಾಯಿತು, ದೇವರು ಕ್ಷಮಿಸಲಿ.

"ಕಂಬ ಮುರಿದೆಯಲ್ಲ. ಈಗ ನೋಡು" ಅಂದರು.

ಎಲ್ಲರೂ ಹಾಗೇ ಅನ್ನುತ್ತಾರೆ. ಕಂಬ ಇದ್ದಷ್ಟು ದಿನ ಮಸೀದಿ ಇತ್ತು, ಕಂಬ ಹೋಯಿತು, ಮಸೀದಿ ಹೋಯಿತು. ತಿರುಗುವ ಕಂಬ ಭಾರ ಹೊರುತ್ತದೇನ್ರೋ, ಭಾರ ಹೊತ್ತರೆ ತಿರುಗುತ್ತದೇನ್ರೋ ಅಂತ ಕೂಗಿದೆ. ರಾಮಿಜ್ ನನ್ನ ಕಾಲ ಹತ್ತಿರ ಉಗಿದ.

ನಿನ್ನ ಕಾಗದ ನವೆಂಬರಿನಲ್ಲೇ ಸಿಕ್ಕಿತ್ತು. ಎರಡು ತಿಂಗಳು ಉತ್ತರ ಬರೆಯಲಾಗಲಿಲ್ಲ. ಅಪ್ಪನಿಗೆ ನೆಮ್ಮದಿಯ ಸಾವು ಕೊಟ್ಟೆ, ಅದಕ್ಕೆ ನಿನ್ನನ್ನು ಬೈಯಲಾರೆ. ನಾನು ಗಾಜು ಅಂಟಿಸಿದವಳು, ಬೈಯುವ ಬಾಯಿ ನನಗೆಲ್ಲಿದೆ? ಆದರೆ ಇನ್ನು ಒಬ್ಬಳೇ ಹೊರಲಾರೆ. ನೀನು ಮಾಡಿದ್ದನ್ನು ನಿನ್ನ ಕೈಯಲ್ಲೇ ಬರೆ. ನನಗಲ್ಲ, ಓಣಿಗೆ. ಕಾಫಿ ಅಂಗಡಿಯಲ್ಲಿ ಓದಿಸುತ್ತೇನೆ.

ದುರ್ದಾನೆ


ಡೂಯಿಸ್‌ಬರ್ಗ್
1 ಫೆಬ್ರವರಿ 1972

ಜೀನುಗಾರರ ಓಣಿಯ ಹಿರಿಯರಿಗೆ, ಇಮಾಮ್ ನುಸ್ರೆತ್ ಅವರಿಗೆ, ರಾಮಿಜ್‌ನಿಗೆ, ಕೇಳುತ್ತಿರುವ ಎಲ್ಲರಿಗೂ,

ಹಿರಿಯರ ಕೈಗಳಿಗೆ, ಕಿರಿಯರ ಕಣ್ಣುಗಳಿಗೆ ಮುತ್ತು.

ಇದನ್ನು ಬೇರೆಯವರಿಂದ ಬರೆಸಿಲ್ಲ. ವಕ್ರ ಅಕ್ಷರ ನನ್ನದೇ. ಐವತ್ತೇಳರಲ್ಲಿ ಬಲಗಂಬ ಬಿಗಿಯಾಗಿತ್ತು. ಅಪ್ಪನಿಗೆ ತಿಳಿಯಬಾರದೆಂದು ನಾನು ಅದರ ತಲೆ ಕೊಯ್ದು ತಿರುಗುವ ಹಾಗೆ ಮಾಡಿದೆ. ಹದಿನಾಲ್ಕು ವರ್ಷ ನೀವು ನಂಬಿದ್ದು ನನ್ನ ಗರಗಸವನ್ನು. ಗುಮ್ಮಟ ಬಿದ್ದದ್ದು ಬುಗ್ಗೆ ಬತ್ತಿ ಗೂಟ ಕೊಳೆತದ್ದರಿಂದ. ಅಕ್ಕ ಮುರಿದ ಕಂಬ ಒಂದು ಇಟ್ಟಿಗೆಯನ್ನೂ ಹೊತ್ತಿರಲಿಲ್ಲ. ಅವಳು ಅದನ್ನು ಮುರಿಯದಿದ್ದರೆ ನೀವು ಒಳಗಿರುತ್ತಿದ್ದಿರಿ.

ಇನ್ನೊಂದು. ಗೋಡೆಯ ಮೇಲಿರುವ ಹಾಳೆಯಲ್ಲಿ ನಾನು ಕಲ್ಲಿನ ಉಸ್ತಾದ ಎಂದಿದೆ. ಆರು ವರ್ಷದಿಂದ ನಾನು ಇಲ್ಲಿ ಕುಲುಮೆಯ ಬೂದಿ ಗುಡಿಸುತ್ತೇನೆ. ಒಂದು ಕಲ್ಲನ್ನೂ ಮುಟ್ಟಿಲ್ಲ. ಆ ಹಾಳೆ ಇಳಿಸಿ.

ಇಲ್ಯಾಸರ ಮಗ
ಸಾಬಿತ್


ಅಕ್‌ಪಿನಾರ್
17 ಫೆಬ್ರವರಿ 1972

ಪ್ರೀತಿಯ ತಮ್ಮ,

ನಿನ್ನ ಕಣ್ಣುಗಳಿಗೆ ಮುತ್ತು.

ನಿನ್ನ ಕಾಗದ ಓದಿಸಿದೆ. ಹೆಂಗಸರು ಕಾಫಿ ಅಂಗಡಿಯ ಒಳಗೆ ಹೋಗುವ ಹಾಗಿಲ್ಲವಲ್ಲ, ಬಾಗಿಲ ಹೊರಗೆ ನಿಂತು ಕೇಳಿದೆ. ಇಮಾಮರು ಪೂರ್ತಿ ಓದಿದರು, ಒಂದು ಪದವನ್ನೂ ನುಂಗಲಿಲ್ಲ.

ಆಮೇಲೆ ರಾಮಿಜ್ ಅಂದ: "ಒಳ್ಳೆ ಹುಡುಗ. ಅಕ್ಕನ ಮಾನ ಉಳಿಸೋಕೆ ಸತ್ತ ಅಪ್ಪನ ಹೆಸರಿಗೂ ಮಸಿ ಬಳ್ದ."

ಎಲ್ಲರೂ ಹೂಂ ಹೂಂ ಅಂದರು. ನಾನೇ ನಿನ್ನಿಂದ ಬರೆಸಿದ್ದಂತೆ. ಉಸ್ತಾದನಾದವನು ಬೂದಿ ಗುಡಿಸುತ್ತೇನೆ ಅಂತ ಬರೆಯಬೇಕಾದರೆ ಅಕ್ಕನ ಮೇಲೆ ಎಷ್ಟು ಪ್ರೀತಿ ಇರಬೇಕು ಅಂತ ಒಬ್ಬ ಕಣ್ಣೊರೆಸಿಕೊಂಡ. ನಿನ್ನ ಹಳೆಯ ಹಾಳೆಯನ್ನು ಇಳಿಸಲಿಲ್ಲ. ಅಕ್ಷರ ಚೆನ್ನಾಗಿದೆಯಂತೆ.

ಇನ್ನು ಬರೆಯಬೇಡ. ಬರೆದಷ್ಟೂ ನೀನು ಒಳ್ಳೆಯವನಾಗುತ್ತೀಯ, ನಾನು ಕೆಟ್ಟವಳಾಗುತ್ತೇನೆ.

ನನಗೆ ಯಾರೂ ಸಲಾಂ ಹೇಳುವುದಿಲ್ಲ. ಬೇಕರಿಯವನು ರೊಟ್ಟಿಯನ್ನು ಹಲಗೆಯ ಮೇಲಿಟ್ಟು ಅತ್ತ ತಿರುಗುತ್ತಾನೆ, ಕೈಗೆ ಕೊಡುವುದಿಲ್ಲ. ಕಲ್ಲುಗುಡ್ಡೆಯನ್ನು ಲಾರಿಯಲ್ಲಿ ಸಾಗಿಸುತ್ತಿದ್ದಾರೆ. ರಸ್ತೆಯವರು ಅಳತೆ ಹಗ್ಗ ಹಿಡಿದು ಬಂದಿದ್ದರು. ನನ್ನ ಕೋಣೆಗೆ ಏಪ್ರಿಲ್ ತನಕ ಸಮಯ ಕೊಟ್ಟಿದ್ದಾರೆ, ಹಿತ್ತಲ ಗೋರಿಗಳಿಗೂ ಅಷ್ಟೇ. ಎಲ್ಲಿಗೆ ಹೋಗುತ್ತೇನೆ ಅಂತ ನನಗೂ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ.

ಬೆಳಿಗ್ಗೆ ಹೊಸ್ತಿಲ ಮೇಲೆ ಕೂತಿರುತ್ತೇನೆ. ಮಾರುಕಟ್ಟೆಗೆ ಹೋಗುವವರೆಲ್ಲ ನನ್ನ ಮುಂದೇ ಹಾಯಬೇಕು, ಬೇರೆ ದಾರಿ ಇಲ್ಲ. ನುಸ್ರೆತ್ ಇಮಾಮರ ಹೆಂಡತಿ ಮೊಮ್ಮಗಳ ಕೈ ಹಿಡಿದು ಬರುತ್ತಾಳೆ, ಮುಖ ಆಚೆ ತಿರುಗಿಸುತ್ತಾಳೆ. ಮಗು ಮಾತ್ರ ತಿರುಗಿ ನೋಡುತ್ತದೆ, ಅವಳು ಎಳೆದುಕೊಂಡು ಹೋಗುತ್ತಾಳೆ. ರಾಮಿಜ್ ಕೆಮ್ಮಿ ಉಗಿದು ಹೋಗುತ್ತಾನೆ. ಬೇಕರಿಯವನ ತಾಯಿ, ಆ ಕಿವುಡಿ, ಕೋಲು ಊರಿಕೊಂಡು ನಿಧಾನಕ್ಕೆ ಹೋಗುತ್ತಾಳೆ. ಅವಳೂ ನೋಡುವುದಿಲ್ಲ. ಒಬ್ಬೊಬ್ಬರನ್ನೂ ಎಣಿಸುತ್ತೇನೆ, ಸಾಬಿತ್, ಮೂವತ್ತೊಂದು ಮನೆ. ಯಾರಾದರೂ ತಡವಾದರೆ ನನಗೆ ಕೂರಲಾಗುವುದಿಲ್ಲ.

ಇವತ್ತು ಯಾರೂ ಸಲಾಂ ಹೇಳಲಿಲ್ಲ. ಎಲ್ಲರೂ ಇದ್ದರು.

ಅಕ್ಕ
ದುರ್ದಾನೆ